ಲಕೋಟೆ ದಪ್ಪಗಿದ್ದರೆ ಕಾಲೇಜು ಸೀಟು ಸಿಗುತ್ತಾ?

ಹತ್ತನೇ ಕ್ಲಾಸಿನ ಮಗಳ ಹೆಸರಿಗೆ ಚಿನ್ನದ ಮುದ್ರೆಯ ಲಕೋಟೆ ಬಂದಿದೆ. 'ನೀವು ನಾಮನಿರ್ದೇಶಿತರಾಗಿದ್ದೀರಿ' ಎಂದು ಶುರು. ವಾಷಿಂಗ್ಟನ್‌ನಲ್ಲಿ ನಾಯಕತ್ವ ಸಮ್ಮೇಳನವಂತೆ. ಶುಲ್ಕ ಮಾತ್ರ ಎರಡನೇ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ನಮ್ಮ ಸ್ಯಾನ್ ಹೋಸೆಯ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅರ್ಧ ಮನೆಗಳಿಗೆ ಅದೇ ಪತ್ರ! ಇನ್ನೆಂಥ ಆಯ್ಕೆ, ಅಲ್ವಾ?

ಇಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ ಇರುವುದೇ 10 ಜಾಗ. ಒಂದೊಂದರ ವಿವರಣೆಗೆ 150 ಅಕ್ಷರ. ಅಲ್ಲಿ 'ಸಮ್ಮೇಳನಕ್ಕೆ ಹೋಗಿದ್ದೆ' ಎಂದು ಬರೆದರೆ ಅಪ್ಪ ಅಮ್ಮ ದುಡ್ಡು ಕಟ್ಟಿದರು ಅನ್ನುವುದಕ್ಕಿಂತ ಜಾಸ್ತಿ ಏನೂ ತಿಳಿಯುವುದಿಲ್ಲ.

ಎಲ್ಲವೂ ಹೀಗೆ ಅಂತಲ್ಲ. ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ನಡೆಸುವ, ಹೈಸ್ಕೂಲ್ ಹುಡುಗರು ಸರ್ಕಾರ ನಡೆಸುವುದನ್ನು ಕಲಿಯುವ ಶಿಬಿರ ಬಾಯ್ಸ್ ಸ್ಟೇಟ್‌ನಲ್ಲಿ ಖರ್ಚನ್ನು ಹೆಚ್ಚಾಗಿ ಊರಿನ ಪ್ರಾಯೋಜಕರೇ ಕೊಡುತ್ತಾರೆ. ಅಲ್ಲಿಂದ ಆರಿಸಿದ ಹುಡುಗರು ರಾಷ್ಟ್ರಮಟ್ಟದ ಬಾಯ್ಸ್ ನೇಷನ್‌ಗೆ ಹೋಗುತ್ತಾರೆ. 1963ರಲ್ಲಿ ಹುಡುಗ ಬಿಲ್ ಕ್ಲಿಂಟನ್ ಅಂದಿನ ಅಧ್ಯಕ್ಷ ಕೆನಡಿಯ ಕೈ ಕುಲುಕಿದ್ದು ಹಾಗೆ ಹೋದಾಗಲೇ. ಹೆಣ್ಣುಮಕ್ಕಳಿಗೆ ಗರ್ಲ್ಸ್ ಸ್ಟೇಟ್ ಇದೆ. ಮುಂದಿನ ವರ್ಷ ಶಾಲೆಯ ಕೌನ್ಸೆಲರ್ ಹತ್ತಿರ ಅದನ್ನೇ ಕೇಳು ಅಂದಿದ್ದೇನೆ.

ಸುಮ್ನೆ ಊರು ನೋಡಿ ನಾಲ್ಕು ಸ್ನೇಹಿತರನ್ನು ಮಾಡಿಕೊಳ್ಳಲು ಆ ಲಕೋಟೆಯ ಸಮ್ಮೇಳನಕ್ಕೆ ಹೋಗುತ್ತೇನೆ ಅಂದರೆ ಬೇರೆ ಮಾತು. ಆದರೆ ಅಷ್ಟು ಡಾಲರಿಗೆ ಇಡೀ ಮನೆಯವರೇ ವಾಷಿಂಗ್ಟನ್ ನೋಡಿ ಬರಬಹುದು. ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ಅಲ್ಲಿ ಪ್ರವೇಶಕ್ಕೆ ದುಡ್ಡೇ ಇಲ್ಲ.