ಅಂಗಿ ಕಳಚಿದಾಗ ಕಾಣುವ ಪೇಸ್‌ಮೇಕರ್

ಎಡಗಡೆಯ ಕೊರಳೆಲುಬಿನಿಂದ ಎರಡು ಬೆರಳು ಕೆಳಗೆ, ಚರ್ಮದ ಅಡಿಯಲ್ಲಿ, ನನ್ನ ಪೇಸ್‌ಮೇಕರ್, ಅಂದರೆ ತಂತಿಯ ಮೂಲಕ ವಿದ್ಯುತ್ ಸಂಕೇತ ಕೊಟ್ಟು ಹೃದಯವನ್ನು ಬಡಿಸುವ ಪುಟ್ಟ ಪೆಟ್ಟಿಗೆ, ಇದೆ. ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿ ಅದು ಕಾಣುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಅದರ ಅಂಚಿನ ನೆರಳು ಎದೆಯ ಮೇಲೆ ಮೂಡುತ್ತದೆ. ತೋಳನ್ನು ಮೇಲೆತ್ತಿದರೆ ಉಬ್ಬು ಚರ್ಮದೊಂದಿಗೆ ತುಸು ಸರಿಯುತ್ತದೆ. ಬೆರಳಾಡಿಸಿದರೆ ಪೆಟ್ಟಿಗೆಯ ಬದಿಯಲ್ಲಿ ಸುರುಳಿ ಸುತ್ತಿಟ್ಟ ತಂತಿಯೂ ಕೈಗೆ ಸಿಗುತ್ತದೆ. ಎಡಭುಜದಿಂದ ಇಳಿಯುವ ಜನಿವಾರ ಈ ಉಬ್ಬಿನ ಅಂಚನ್ನು ತಾಗಿಕೊಂಡೇ ಹೋಗುವುದರಿಂದ, ಸ್ನಾನ ಮುಗಿಸಿ ಮೈ ಒರೆಸುವಾಗಲೆಲ್ಲ ಅದು ಅಲ್ಲಿದೆ ಎಂಬುದು ನೆನಪಾಗದೆ ಇರುವುದಿಲ್ಲ.

ನಲವತ್ತರ ಆಸುಪಾಸಿನಲ್ಲಿ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತಲುಪಬೇಕಾದ ವಿದ್ಯುತ್ ಸಂಕೇತ ನಡುವೆಯೇ ಪೂರ್ತಿಯಾಗಿ ನಿಂತುಹೋದ ಕಾರಣ ನನಗೆ ಇದನ್ನು ಅಳವಡಿಸಬೇಕಾಯಿತು. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟುಕೊಂಡು ಬರುತ್ತಿದ್ದವನು ಚೇತರಿಸಿಕೊಂಡ ಮೇಲೆ ಅಜ್ಜರಕಾಡಿನ ಮೈದಾನದಲ್ಲಿ ಮೊದಲು ನಡೆಯಲು, ಅನಂತರ ಓಡಲು ಆರಂಭಿಸಿದೆ. ಓಡಿದಷ್ಟೂ ದೇಹ ಹಗುರವಾಯಿತು, ಹಗುರವಾದಷ್ಟೂ ಎದೆಯ ಮೇಲಿನ ಕೊಬ್ಬು ಕರಗಿತು, ಅದು ಕರಗಿದಷ್ಟೂ ಪೇಸ್‌ಮೇಕರ್ ಎದ್ದು ಕಾಣತೊಡಗಿತು. ಈಗಿನ ಪೇಸ್‌ಮೇಕರ್‌ಗಳು ಸಾಮಾನ್ಯವಾಗಿ 20ರಿಂದ 30 ಗ್ರಾಂ ತೂಗುವ ಟೈಟಾನಿಯಂ ಪೆಟ್ಟಿಗೆಗಳು. ಅವನ್ನು ಹೆಚ್ಚಿನವರಿಗೆ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಇಡುತ್ತಾರೆ. ಮೈತುಂಬಿಕೊಂಡವರಲ್ಲಿ ಮರೆಯಾಗಿರುವ ಪೆಟ್ಟಿಗೆ ತೆಳ್ಳಗಿನವರಲ್ಲಿ ಹಾಗಿರಲು ಸಾಧ್ಯವಿಲ್ಲ. ಹಾಗಾಗಿ ನನ್ನ ಎದೆಯ ಉಬ್ಬನ್ನು ಕಂಡವರು ಅದನ್ನು ಕಾಯಿಲೆಯ ಗುರುತೆಂದು ತಿಳಿದರೂ, ಅದು ಅಷ್ಟು ಎದ್ದು ಕಾಣುವುದಕ್ಕೆ ಕಾರಣ ಕಾಯಿಲೆಯಲ್ಲ, ವ್ಯಾಯಾಮ.

ಬೇರೆ ಊರಿನಲ್ಲಿದ್ದಿದ್ದರೆ ಅಂಗಿಯ ಒಳಗೆ ಇದನ್ನು ಇಟ್ಟುಕೊಂಡು ಸುಮ್ಮನಿರಬಹುದಿತ್ತೋ ಏನೋ. ಉಡುಪಿಯಲ್ಲಿ ಗಂಡಸು ಅಂಗಿ ಕಳಚಬೇಕಾದ ಸಂದರ್ಭಗಳು ಹಲವು. ಕೃಷ್ಣಮಠದಲ್ಲಿ ಅಂಗಿ, ಬನಿಯನ್ ತೆಗೆದು ಸರದಿಯಲ್ಲಿ ನಿಂತಾಗ ಪಕ್ಕದವರ ಮತ್ತು ನನ್ನ ನಡುವೆ ಒಂದು ಗೇಣು ಅಂತರವೂ ಇರುವುದಿಲ್ಲ. ಈಜುಕೊಳದಲ್ಲಿಯೂ, ಮಲ್ಪೆಯ ಕಡಲತೀರದಲ್ಲಿಯೂ, ಬೇಸಗೆಯ ಸೆಕೆಗೆ ಮನೆಯ ಜಗಲಿಯಲ್ಲಿ ಕುಳಿತಾಗಲೂ ಅದೇ ಸ್ಥಿತಿ. ಅಕ್ಕನ ಮಗನ ಉಪನಯನದ ದಿನ ಸೋದರಮಾವನಾದ ನಾನು ಪಂಚೆ ಉಟ್ಟು, ಶಾಲು ಹೊದ್ದು ಓಡಾಡುತ್ತಿದ್ದಾಗ, ಅಮ್ಮ ಎದುರಾದಾಗಲೆಲ್ಲ ಏನನ್ನೂ ಹೇಳದೆ ಶಾಲಿನ ಅಂಚನ್ನು ಹಿಡಿದು ಎಡಭುಜದಿಂದ ಮುಂದಕ್ಕೆ ಎಳೆದು, ಉಬ್ಬಿನ ಮೇಲೆ ಬರುವಂತೆ ಸರಿಪಡಿಸಿ ಹೋಗುತ್ತಿದ್ದಳು. ಊಟದ ಪಂಕ್ತಿಯಲ್ಲಿ ಬಡಿಸಲು ಬಗ್ಗಿದಾಗ ಶಾಲು ಜಾರಿತು. "ಈ ಪ್ರಾಯದಲ್ಲಿ ಮಿಷನ್ ಹಾಕಿಸುವ ಹಾಗಾಯಿತಾ? ಇನ್ನು ಓಡುವುದು ಗೀಡುವುದು ಎಲ್ಲ ಬೇಡ ಮಾರಾಯ" ಎಂದು ದೊಡ್ಡಪ್ಪ ಎಲೆಯ ಮುಂದೆಯೇ ಹೇಳಿದರು. ಅವರ ದನಿಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಆ ಸಾಲಿನ ಕೊನೆಯವರೆಗೆ ಬಡಿಸುವಷ್ಟರಲ್ಲಿ ನಾನು ಎರಡೆರಡು ಬಾರಿ ಶಾಲನ್ನು ಎಳೆದುಕೊಂಡಿದ್ದೆ.

ನೋಟಕ್ಕಿಂತ ಹೆಚ್ಚು ನೋಯಿಸುವುದು ನೋಟದ ಹಿಂದೆಯೇ ಬರುವ ಈ ತೀರ್ಮಾನ. ಪೇಸ್‌ಮೇಕರ್ ಇರುವವನು ಓಡಬಾರದು, ಭಾರ ಎತ್ತಬಾರದು, ಈಜಬಾರದು, ಒಟ್ಟಿನಲ್ಲಿ ಕುರ್ಚಿಯಲ್ಲಿ ಕುಳಿತಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ, ಹೊಸದಾಗಿ ಅಳವಡಿಸಿದ ತಂತಿಗಳು ಹೃದಯದ ಗೋಡೆಗೆ ಚೆನ್ನಾಗಿ ಹಿಡಿದುಕೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ 4ರಿಂದ 6 ವಾರ, ಆ ಬದಿಯ ಮೊಣಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಆ ಅವಧಿ ಕಳೆದು ವೈದ್ಯರು ಒಪ್ಪಿದ ಮೇಲೆ ನಡಿಗೆ, ಓಟ, ಸೈಕಲ್, ಈಜು ಹೆಚ್ಚಿನವರಿಗೆ ಸಾಧ್ಯ. ಕಬಡ್ಡಿ, ಕುಸ್ತಿ, ಬಾಕ್ಸಿಂಗ್‌ಗಳಂತೆ ಎದೆಗೆ ನೇರ ಪೆಟ್ಟು ಬೀಳುವ ಆಟಗಳನ್ನು ದೂರವಿಡಬೇಕು. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ತಂತಿ ಸಿಕ್ಕಿ ಸವೆಯುವ ಅಪಾಯ ಇರುವುದರಿಂದ, ಭುಜವನ್ನು ಮತ್ತೆ ಮತ್ತೆ ಬಲವಾಗಿ ತಿರುಗಿಸುವ ಭಾರದ ವ್ಯಾಯಾಮಗಳ ಬಗ್ಗೆ ಕೇಳಿ ಮುಂದುವರಿಯಬೇಕು. ಇವೆಲ್ಲ ಸಕಾರಣವಾದ ಮಿತಿಗಳು. ಉಬ್ಬು ಕಾಣುತ್ತದೆ ಎಂಬುದಕ್ಕಾಗಿ ಮೈದಾನವನ್ನೋ ಈಜುಕೊಳವನ್ನೋ ಬಿಟ್ಟುಬಿಡುವುದು ಮಾತ್ರ ಹೃದಯಕ್ಕೆ ಮಾಡುವ ಅನ್ಯಾಯ ಎಂದು ನಾನು ದೃಢವಾಗಿ ನಂಬುತ್ತೇನೆ.

ಓಡುವವನಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ಹೇಳಿಕೊಳ್ಳಲು ನನಗೆ ಅಡ್ಡಬಂದದ್ದೂ ಇದೇ ಸಂಕೋಚ. ಇಂದ್ರಾಳಿ ದಾಟಿ ಮಣಿಪಾಲದ ಕಡೆಗೆ ಏರುವ ರಸ್ತೆಯಲ್ಲಿ ಓಡುವಾಗ ಒಂದು ಹಂತ ಮುಟ್ಟಿದ ಕೂಡಲೇ ಕಾಲುಗಳ ಬಲ ಒಮ್ಮೆಲೇ ಉಡುಗುತ್ತಿತ್ತು. ಅದನ್ನು ಕೇಳಿದ ತಂತ್ರಜ್ಞರು ಎದೆಯ ಮೇಲೆ ಪ್ರೋಗ್ರಾಮರ್ ಯಂತ್ರದ (ಪೇಸ್‌ಮೇಕರ್ ಅನ್ನು ಹೊರಗಿನಿಂದಲೇ ಪರೀಕ್ಷಿಸಿ ಹೊಂದಿಸುವ ಯಂತ್ರ) ಹಿಡಿಯನ್ನಿಟ್ಟು ಪರೀಕ್ಷಿಸಿ ಕಾರಣವನ್ನು ವಿವರಿಸಿದರು. ನನ್ನಂಥವರಲ್ಲಿ ಮೇಲಿನ ಕೋಣೆಯ ಬಡಿತವನ್ನು ಗ್ರಹಿಸಿ ಕೆಳಗಿನ ಕೋಣೆಯನ್ನು ಅದಕ್ಕೆ ತಕ್ಕಂತೆ ಬಡಿಸುವುದು ಪೇಸ್‌ಮೇಕರ್‌ನ ಕೆಲಸ. ಆದರೆ ಅದಕ್ಕೆ ಒಂದು ಗರಿಷ್ಠ ಮಿತಿ ಇರುತ್ತದೆ. ಏರಿನಲ್ಲಿ ನನ್ನ ಸಹಜ ಬಡಿತ ಆ ಮಿತಿಯನ್ನು ದಾಟಿದಾಗ, ಉಪಕರಣ ಕೆಲವು ಬಡಿತಗಳನ್ನು ಕೈಬಿಡುತ್ತಿತ್ತು. ವೈದ್ಯರ ಒಪ್ಪಿಗೆ ಪಡೆದು ಆ ಮಿತಿಯನ್ನು ಏರಿಸಿದ ಮೇಲೆ ಅದೇ ರಸ್ತೆ ಸಲೀಸಾಯಿತು. ಕೂತು ಕೆಲಸ ಮಾಡುವವನಿಗೆ ಸಾಕಾಗುವ ಹೊಂದಾಣಿಕೆ ಓಡುವವನಿಗೆ ಸಾಲದಿರಬಹುದು. ಆದ್ದರಿಂದ ತಪಾಸಣೆಗೆ ಹೋದಾಗ ನಾವು ಎಷ್ಟು ಓಡುತ್ತೇವೆ, ಎಲ್ಲಿ ಸುಸ್ತಾಗುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು.

ಆರ್ನೆ ಲಾರ್ಸನ್ ಅವರ ಕಥೆ ನನಗೆ ಬಹಳ ಧೈರ್ಯ ಕೊಟ್ಟಿದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ದೇಹದೊಳಗೆ ಪೂರ್ತಿಯಾಗಿ ಇಡುವ ಪೇಸ್‌ಮೇಕರ್ ಅನ್ನು ಜಗತ್ತಿನಲ್ಲಿಯೇ ಮೊದಲ ಬಾರಿಗೆ ಪಡೆದವರು ಅವರು. ರೂನೆ ಎಲ್ಮ್‌ಕ್ವಿಸ್ಟ್ ಅದನ್ನು ತಯಾರಿಸಿದರು, ಶಸ್ತ್ರಚಿಕಿತ್ಸೆ ಮಾಡಿದವರು ಓಕೆ ಸೆನ್ನಿಂಗ್. ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಬಳಸಿ ರಾಳದಲ್ಲಿ ಎರಕ ಹೊಯ್ದ ಆ ಉಪಕರಣವನ್ನು ಹೊಟ್ಟೆಯ ಗೋಡೆಯಲ್ಲಿ ಇಟ್ಟಿದ್ದರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಅಲ್ಲಿಂದ ಮುಂದೆ ಬದುಕಿನುದ್ದಕ್ಕೂ ಒಟ್ಟು 26 ಪೇಸ್‌ಮೇಕರ್‌ಗಳನ್ನು ಪಡೆದ ಲಾರ್ಸನ್, 2001ರಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ. ಅಷ್ಟು ದೊಡ್ಡ ಡಬ್ಬಿಯನ್ನು ಹೊತ್ತು ಅವರು ಜನರ ನಡುವೆ ಹೇಗೆ ಓಡಾಡಿರಬಹುದು ಎಂಬ ಯೋಚನೆ, ಸರದಿಯಲ್ಲಿ ಯಾರಾದರೂ ನನ್ನ ಎದೆಯನ್ನೇ ದಿಟ್ಟಿಸಿದಾಗ ಎಷ್ಟೋ ಸಲ ಬಂದಿದೆ.

ಉಬ್ಬು ಕಾಣದಂತೆ ಮಾಡುವ ದಾರಿಗಳು ಇಲ್ಲವೆಂದಲ್ಲ. ತೀರ ತೆಳ್ಳಗಿರುವವರಿಗೆ ಪೆಟ್ಟಿಗೆಯನ್ನು ಎದೆಯ ಸ್ನಾಯುವಿನ ಕೆಳಗೆ ಇಡಬಹುದು. ಅದು ತುಸು ದೊಡ್ಡ ಶಸ್ತ್ರಚಿಕಿತ್ಸೆ, ನೋವೂ ಹೆಚ್ಚು, ಬ್ಯಾಟರಿ ಮುಗಿದು ಪೆಟ್ಟಿಗೆ ಬದಲಿಸುವಾಗ ಮತ್ತೆ ಅಷ್ಟೇ ಆಳಕ್ಕೆ ಹೋಗಬೇಕು. ತಂತಿಯೇ ಇಲ್ಲದೆ ಹೃದಯದ ಒಳಗೇ ಕೂರುವ ಪುಟ್ಟ ಪೇಸ್‌ಮೇಕರ್‌ಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಅದು ಹೊರಗೆ ಕಾಣುವುದೇ ಇಲ್ಲ, ಆದರೆ ಎಲ್ಲ ಬಗೆಯ ತೊಂದರೆಗೂ, ಎಲ್ಲ ವಯಸ್ಸಿನವರಿಗೂ ಹೊಂದುವುದಿಲ್ಲ. ಇವುಗಳಲ್ಲಿ ಯಾವುದು ತನಗೆ ಸರಿ ಎಂಬುದನ್ನು ವೈದ್ಯರೊಂದಿಗೆ ಮಾತನಾಡಲು ಸಮಯ ಶಸ್ತ್ರಚಿಕಿತ್ಸೆಯ ಮೊದಲೇ. ತುರ್ತಿಲ್ಲದ ಸಂದರ್ಭದಲ್ಲಿ, "ನಾನು ಈಜುತ್ತೇನೆ, ದೇವಸ್ಥಾನದಲ್ಲಿ ಅಂಗಿ ತೆಗೆಯುತ್ತೇನೆ, ಎಡಭುಜಕ್ಕೇ ಚೀಲ ಹಾಕುತ್ತೇನೆ" ಎಂದು ಹೇಳುವುದು ಶೋಕಿಯ ಮಾತಲ್ಲ. ಹೆಣ್ಣುಮಕ್ಕಳಿಗಂತೂ ರವಿಕೆಯ ಕತ್ತು, ಒಳ ಉಡುಪಿನ ಪಟ್ಟಿ ಎಲ್ಲಿ ಬರುತ್ತದೆ ಎಂಬುದನ್ನು ಗಾಯದ ಗೆರೆ ಹಾಕುವ ಮೊದಲೇ ಕೇಳಬೇಕು. ನಮ್ಮ ಕಾರುಗಳಲ್ಲಿ ಚಾಲಕನ ಸೀಟ್ ಬೆಲ್ಟ್ ಬಲಭುಜದ ಮೇಲೆ ಬಂದರೆ ಪಕ್ಕದಲ್ಲಿ ಕುಳಿತವರದು ಎಡಭುಜದ ಮೇಲೆ, ಅಂದರೆ ಪೇಸ್‌ಮೇಕರ್‌ನ ಮೇಲೆಯೇ ಬರುತ್ತದೆ. ಅಲ್ಲಿ ಮೆತ್ತನೆಯ ಬಟ್ಟೆಯನ್ನು ಮಡಚಿ ಇಟ್ಟುಕೊಂಡರೆ ಸಾಕು, ಬೆಲ್ಟ್ ಬಿಡುವುದು ಬೇಡ.

ಮುಚ್ಚಿಡುವ ಅಭ್ಯಾಸದಿಂದ ಆಗಬಹುದಾದ ನಿಜವಾದ ಕೇಡು ಬೇರೆಯೇ ಇದೆ. ನಾಚಿಕೆಯಿಂದ ಕನ್ನಡಿಯನ್ನೂ ತಪ್ಪಿಸುವವರಿಗೆ ಚರ್ಮದಲ್ಲಿ ಆಗುವ ಬದಲಾವಣೆ ತಿಳಿಯುವುದಿಲ್ಲ. ಉಬ್ಬು ಕಾಣುವುದು ಅಪಾಯವಲ್ಲ. ಆದರೆ ಅದರ ಮೇಲಿನ ಚರ್ಮ ಕೆಂಪಾದರೆ, ಬಿಸಿಯಾದರೆ, ಹೊಳೆಯುವಷ್ಟು ತೆಳುವಾದರೆ, ಪೆಟ್ಟಿಗೆಗೆ ಅಂಟಿಕೊಂಡಂತಾದರೆ, ಕೀವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಇದನ್ನು ತಿಳಿದ ಮೇಲೆ ಅಮ್ಮ ಶಾಲು ಎಳೆಯುವುದನ್ನು ಬಿಟ್ಟಿದ್ದಾಳೆ. ಈಗ ನಾನು ಸ್ನಾನ ಮುಗಿಸಿ ಬಂದರೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡುತ್ತಾಳೆ. ಬ್ಯಾಟರಿ ಬದಲಿಸುವ ಕಾಲ ನನಗೂ ಬರುತ್ತದೆ. ಸ್ನಾಯುವಿನ ಕೆಳಗೆ ಇಡಿಸಿಕೊಳ್ಳುವುದು ಬೇಡ, ಈಗಿರುವ ಜಾಗದಲ್ಲಿಯೇ, ಸಾಧ್ಯವಾದರೆ ಹಳೆಯ ಗೆರೆಯ ಮೇಲೆಯೇ ಹೊಲಿಗೆ ಹಾಕಿ ಎಂದು ವೈದ್ಯರಿಗೆ ಹೇಳಿಟ್ಟಿದ್ದೇನೆ. ಚರ್ಮ ಚೆನ್ನಾಗಿದ್ದರೆ ಹಾಗೆಯೇ ಮಾಡೋಣ ಎಂದಿದ್ದಾರೆ.