ಸಂಜೆಯ ಜೀಪು

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ವಾರ್ಷಿಕೋತ್ಸವ, ಕ್ರೀಡಾಕೂಟ ಅಂತ ಬರೆಯುವ ಅಂದುಕೊಂಡಿದ್ದೆ. ಅದನ್ನು ಉಳಿದವರು ಬರೆದೇ ಬರೆಯುತ್ತಾರೆ. ನನಗೆ ಹೇಳಬೇಕಾದದ್ದು ನಮ್ಮ ಸಮಾಜ ಪಾಠದ ಮಾಷ್ಟ್ರು ಮತ್ತು ಅವರ 'ಅಧ್ಯಯನ ದಿನ'ದ ಬಗ್ಗೆ.

ತೊಂಬತ್ತರ ದಶಕದ ಮಾತು. 1984ರಲ್ಲಿ ಕೇರಳದ ಕಾಸರಗೋಡು ಜಿಲ್ಲೆ ಆಗಿತ್ತು ನಿಜ, ಆದರೆ ಅದರ ಗಡಿಯಲ್ಲಿರುವ ಪೆರ್ಲದ ಒಳಗಿನ ನಮ್ಮಂಥವರಿಗೆ ಪೇಟೆ ಅಂದರೆ ಮಂಗಳೂರೇ. ಆಸ್ಪತ್ರೆಗೂ ಅಲ್ಲಿಗೆ, ಮದುವೆ ಜವಳಿಗೂ ಅಲ್ಲಿಗೆ. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಮರಾಠಿ ಏನೇ ಮಾತಾಡಿದರೂ ಶಾಲೆಯಲ್ಲಿ ಕನ್ನಡ. ಪಾಠಪುಸ್ತಕ ಕೇರಳ ಸರಕಾರದ್ದು. ಅಂಗಡಿಯಲ್ಲಿ ಸಿಗುವ ಕನ್ನಡ ಗೈಡು ಕರ್ನಾಟಕದ ಸಿಲೆಬಸ್‌ನದ್ದು. ಒಂದಕ್ಕೊಂದು ತಾಳೆ ಆಗುತ್ತಿರಲಿಲ್ಲ. ಲ್ಯಾಬ್ ಅಂದರೆ ಬೀಗ ಹಾಕಿದ ಒಂದು ಕಪಾಟು. ಹಾಗಾಗಿ ಹತ್ತನೇ ಕ್ಲಾಸಿನ ಮಕ್ಕಳನ್ನು ಆಗಾಗ ಮಂಗಳೂರಿನ ಒಂದು ಕಾಲೇಜಿಗೆ ಕರೆದುಕೊಂಡು ಹೋಗಿ, ಒಂದಿಡೀ ದಿನ ಅಲ್ಲಿನ ಲ್ಯಾಬು, ಲೈಬ್ರರಿ, ಪಾಠ ಎಲ್ಲ ತೋರಿಸುವುದೆಂದು ಮಾಷ್ಟ್ರು ಹೊರಟರು. ಅದಕ್ಕೆ ಶನಿವಾರವೇ ಆಗಬೇಕು. ನಮಗೆ ಕೇರಳದ ಲೆಕ್ಕದಲ್ಲಿ ರಜೆ, ಅಲ್ಲಿ ಮಧ್ಯಾಹ್ನದವರೆಗೆ ಕ್ಲಾಸು. ಗಡಿಯಲ್ಲಿ ಇರುವುದರಿಂದ ಆದ ಲಾಭ ಇದೊಂದೇ ಇರಬೇಕು!

ಮಳೆಗಾಲದಲ್ಲಿ ಇದು ಆಗದ ಮಾತು. ತೋಡಿಗೆ ಹಾಕಿದ ಅಡಿಕೆ ಮರದ ಕಾಲುಸಂಕ ದಾಟಿ ಬರುವ ಮಕ್ಕಳೇ ಜಾಸ್ತಿ. ದೀಪಾವಳಿ ಕಳೆದ ಮೇಲೆ ಶುರು.

ಖರ್ಚಿಗೆ ಮಾಷ್ಟ್ರು ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ, ಗೋಟಡಿಕೆ ಕೇಳಿದರು, ಅಂದರೆ ಸಿಪ್ಪೆ ಸಮೇತ ಒಣಗಿದ ಅಡಿಕೆ. ತೋಟ ಇದ್ದವರು ಹೆಕ್ಕಿ ತರಬೇಕು. ತೋಟ ಇಲ್ಲದ ನಮ್ಮಂಥವರು ಶಾಲೆಯ ಹಿಂದಿನ ಅಂಗಳದಲ್ಲಿ ಕೂತು ಸುಲಿಯಬೇಕು. ಅಮ್ಮ ಬೀಡಿ ಕಟ್ಟಿ ನಡೆಸುತ್ತಿದ್ದ ಮನೆ ನಮ್ಮದು, ಅಡಿಕೆ ಸುಲಿಯುವ ಮೆಟ್ಟುಕತ್ತಿಯಲ್ಲಿ ಕೂತು ಅಭ್ಯಾಸ ಇರಲಿಲ್ಲ. ಮೊದಲು ಬೆರಳ ತುದಿಯೆಲ್ಲ ಕೆತ್ತಿಹೋಯಿತು. ಆಮೇಲೆ ಎಷ್ಟು ಚುರುಕಾದೆ ಅಂದರೆ ತೋಟದ ಮನೆಯ ಹುಡುಗರೇ ನನ್ನ ಹತ್ತಿರ ಗೋಣಿ ತಂದಿಡುತ್ತಿದ್ದರು. ಮಾರಿ ಬಂದ ದುಡ್ಡು ಎಲ್ಲರ ಟಿಕೆಟಿಗೆ. ಯಾರ ಟಿಕೆಟನ್ನು ಯಾರು ತೆಗೆದರು ಎಂಬ ಪ್ರಶ್ನೆಯೇ ಇಲ್ಲ. ಸಹಾಯಧನ ಹಂಚುವ ಫೋಟೋಗಳನ್ನು ಪೇಪರಿನಲ್ಲಿ ನೋಡಿದಾಗ ಈಗಲೂ ನನಗೆ ಆ ಗೋಣಿ ನೆನಪಾಗುತ್ತದೆ.

ಪ್ರಯಾಣ ಅಂದರೆ ಮೂರು ತುಂಡು. ಕತ್ತಲಿರುವಾಗಲೇ ಜೀಪಿನಲ್ಲಿ ಬದಿಯಡ್ಕಕ್ಕೆ, ಅಲ್ಲಿಂದ ಸೀತಾಂಗೋಳಿಯಾಗಿ ಬಸ್ಸಿನಲ್ಲಿ ಕುಂಬಳೆಗೆ, ಕುಂಬಳೆಯಿಂದ ರೈಲು. ತಲಪಾಡಿಯಾಗಿ ಮಂಗಳೂರಿಗೆ ನೇರ ಬಸ್ಸು ಇತ್ತು. ಆದರೆ ರೈಲು ಅಗ್ಗ, ಮತ್ತೆ ಬಸ್ಸಿನಲ್ಲಿ ವಾಂತಿ ಮಾಡುವವರ ದೊಡ್ಡ ದಂಡೇ ನಮ್ಮಲ್ಲಿತ್ತು. ಪೇಪರು ಹಾಸಿ ಅದರ ಮೇಲೆ ಕೂತರೆ ವಾಂತಿ ಬರುವುದಿಲ್ಲ ಎಂದು ಯಾರೋ ಹೇಳಿ, ಕುಂಬಳೆ ಬಸ್ಸಿನಲ್ಲಿ ಎಲ್ಲರ ಅಡಿಯಲ್ಲೂ ಹಳೇ ಪೇಪರು. ಪ್ರಯೋಜನ ಆಗಲಿಲ್ಲ, ಬಿಡಿ.

ಕಂಡಕ್ಟರನ ಜೊತೆ ಜಗಳ ಪ್ರತಿ ಸಲವೂ ಗ್ಯಾರಂಟಿ. ಕನ್ಸೆಷನ್ ಕಾರ್ಡು ಮನೆಯಿಂದ ಶಾಲೆಗೆ ಮಾತ್ರ. "ಶನಿವಾರ ಎಂಥ ಶಾಲೆ? ಫುಲ್ ಟಿಕೆಟ್ ತೆಗೀರಿ." ಮಾಷ್ಟ್ರು ಹೆಡ್‌ಮಾಷ್ಟ್ರ ಸೀಲು ಹಾಕಿದ ಕಾಗದ ತೆಗೆದು ಹಿಡಿಯುತ್ತಿದ್ದರು. ಓದುವಷ್ಟು ತಾಳ್ಮೆ ಯಾರಿಗಿದೆ? ಸೀಲು ನೋಡಿ ಕೆಲವರು ಬಿಡುತ್ತಿದ್ದರು, ಕೆಲವರು ಬಿಡುತ್ತಿರಲಿಲ್ಲ. ಅದಕ್ಕೂ ಸೇರಿಸಿಯೇ ಗೋಟಡಿಕೆ ಲೆಕ್ಕ ಹಾಕಿರುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಲ್ಯಾಬಿನಲ್ಲಿ ಮೇಡಂ ಒಬ್ಬರು ಫಿನಾಲ್ಫ್ತಲೀನ್ ಹಾಕಿದ ಆಮ್ಲದ ದ್ರಾವಣಕ್ಕೆ ಮೇಲಿನಿಂದ ಬ್ಯುರೆಟ್ ಎಂಬ ಗಾಜಿನ ಕೊಳವೆಯಲ್ಲಿ ಕ್ಷಾರವನ್ನು ಒಂದೊಂದೇ ಹನಿ ಬಿಟ್ಟರು. ಏನೂ ಇಲ್ಲ, ಏನೂ ಇಲ್ಲ, ಒಂದು ಹನಿಗೆ ಇಡೀ ಫ್ಲಾಸ್ಕು ಗುಲಾಬಿ. ನಾವು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೇ ಇದು. "ಇನ್ನೊಮ್ಮೆ ಮಾಡಿ ಟೀಚರ್" ಎಂದು ಹಿಂದಿನಿಂದ ಒಬ್ಬ ಕೂಗಿದ. ಅವರು ನಗಾಡಿ ಬ್ಯುರೆಟನ್ನು ಅವನ ಕೈಗೇ ಕೊಟ್ಟರು. ಊಟ ಕದ್ರಿ ಗುಡ್ಡೆಯಲ್ಲಿ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ತಂದ ಚಿತ್ರಾನ್ನ. ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದೆವು. ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಪರೀಕ್ಷೆಗೆ ಆಳುಪರ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಮಾಷ್ಟ್ರಿಗೆ ಅದರ ಚಿಂತೆಯೂ ಇರಲಿಲ್ಲ.

ಆದರೆ ಇದನ್ನೆಲ್ಲ ಯಾರಾದರೂ ತೋರಿಸಿಯಾರು. ಮಾಷ್ಟ್ರ ನಿಜವಾದ ಕೆಲಸ ಇದ್ದದ್ದು ಅವರ ಪಟ್ಟಿ ಪುಸ್ತಕದಲ್ಲಿ. ನಾನು ಅದನ್ನು ನೋಡಿದ್ದೇನೆ. ಹೆಸರು, ಹತ್ತುವ ಜಾಗ, ಅದರ ಪಕ್ಕ ಅಗಲದ ಒಂದು ಕಾಲಂ: ರಾತ್ರಿ ಎಲ್ಲಿ ಇಳಿಯುವುದು, ಅಲ್ಲಿಗೆ ಯಾರು ಬರುತ್ತಾರೆ. 'ಅಪ್ಪ, ಅಂಗಡಿ ತಿರುವು.' 'ಮಾವ, ಭಜನಾ ಮಂದಿರ.' 'ಯಾರೂ ಇಲ್ಲ, ನಾನು.' ಆ ಕಾಲಂ ಖಾಲಿ ಇದ್ದರೆ ಅವರೇ ಮನೆಗೆ ಹೋಗಿ ಮಾತಾಡುತ್ತಿದ್ದರು. ಹುಡುಗಿಯರನ್ನು ಕಳಿಸದ ಮನೆಗಳಲ್ಲಿ ಮಂಗಳೂರಿನ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಕಡೇ ಬಸ್ಸು ಇಳಿದ ಮೇಲಿನ ಎರಡು ಮೈಲಿಗೆ. ನನ್ನ ಅಮ್ಮನೂ ಹಾಗೇ. ಕಾಲೇಜು ಯಾವುದು, ಯಾಕೆ, ಏನೂ ಕೇಳಲಿಲ್ಲ. "ರಾತ್ರಿ ಇವಳನ್ನು ಬಿಡುವುದು ಯಾರು ಮಾಷ್ಟ್ರೇ?" ಅಷ್ಟೇ.

ಒಂದು ಸಲ ಬರುವಾಗ ರೈಲು ಉಳ್ಳಾಲದ ಹತ್ತಿರ ನಿಂತೇಬಿಟ್ಟಿತು. ಕುಂಬಳೆಗೆ ಮುಟ್ಟುವಾಗ ಬದಿಯಡ್ಕದ ಕಡೇ ಬಸ್ಸು ಹೋಗಿಯಾಗಿತ್ತು. ನಾವು ಅಳುವುದೊಂದು ಬಾಕಿ. ಮಾಷ್ಟ್ರು ಎಸ್‌ಟಿಡಿ ಬೂತಿಗೆ ಹೋಗಿ ಒಂದು ಫೋನ್ ಮಾಡಿ ಬಂದು, ಎಲ್ಲರಿಗೂ ಒಂದೊಂದು ಬನ್ಸು ಕೊಡಿಸಿದರು. ಬದಿಯಡ್ಕದ ಜೀಪಿನವರಿಗೆ ಮೊದಲೇ ಹೇಳಿಟ್ಟಿದ್ದರಂತೆ, ಬಸ್ಸು ತಪ್ಪಿದರೆ ಬರಬೇಕೆಂದು. ಜೀಪು ಎರಡು ಸಲ ಓಡಿತು. ಮೊದಲ ಟ್ರಿಪ್ಪು ಹುಡುಗಿಯರದ್ದು. ನನ್ನ ಗೆಳತಿಯ ಅಪ್ಪ ತಿರುವಿನಲ್ಲಿ ಒಣ ತೆಂಗಿನ ಮಡಲಿನ ಪಂಜು, ನಮ್ಮ ಮಾತಿನಲ್ಲಿ ಸೂಟೆ, ಹಿಡಿದು ನಿಂತಿದ್ದರು. ಒಂದು ಸೂಟೆ ಉರಿದು ಮುಗಿದು ಎರಡನೆಯದು ಹೊತ್ತಿಸಿದ್ದರು. ಮಗಳನ್ನು ಇಳಿಸಿಕೊಂಡು ಜೀಪಿನವರಿಗೆ ಕೇಳಿದ್ದು ಒಂದೇ ಮಾತು: "ಈ ರೈಲಿಗೆ ಎಂಥ ರೋಗ ಮಾರಾಯ್ರೇ?" ಮುಂದಿನ ತಿಂಗಳೂ ಅವಳನ್ನು ಕಳಿಸಿದರು.

ಈಗ ನಮ್ಮ ಹಳೆ ವಿದ್ಯಾರ್ಥಿ ಸಂಘ ವರ್ಷಕ್ಕೊಮ್ಮೆ ಮಕ್ಕಳನ್ನು ಮಂಗಳೂರಿನ ಪಿಲಿಕುಳಕ್ಕೆ ಕಳಿಸುತ್ತದೆ. ವಿಜ್ಞಾನ ಕೇಂದ್ರ ಇದೆ, 2018ರಿಂದ ತಾರಾಲಯವೂ ಇದೆ. ಶಾಲೆ ಗೇಟಿನಿಂದಲೇ ಬಸ್ಸು, ಹೆದ್ದಾರಿಯೂ ಅಗಲ. ಒಳ್ಳೇದೇ. ಆದರೆ ಬಸ್ಸು ರಾತ್ರಿ ಗೇಟಿನಲ್ಲಿ ಇಳಿಸಿ ಹೋಗುತ್ತದೆ. ಬೈಕು, ಕಾರು ಇರುವ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಕಳೆದ ಸಲ ಹೆಸರು ಕೊಡದ ಮಕ್ಕಳು ಯಾರು ಎಂದು ಟೀಚರ್ ಹತ್ತಿರ ಕೇಳಿದೆ. ಹೆಚ್ಚಿನವರು ಬಸ್ಸು ಹೋಗದ ಕಡೆಯವರು, ಅದರಲ್ಲೂ ಹುಡುಗಿಯರು.

ಸಂಘದ ಮೀಟಿಂಗಿನಲ್ಲಿ ಇದನ್ನು ಹೇಳಿದ್ದೇನೆ. ಈ ಸಲ ಬಸ್ಸಿನ ಜೊತೆಗೆ ಎರಡು ಜೀಪು ಗೇಟಿನಲ್ಲಿ ಕಾದು ನಿಲ್ಲಬೇಕು. ಅದರ ಖರ್ಚು ನಮ್ಮ ಬ್ಯಾಚಿನದ್ದು. ಹೆಸರು ಬರೆಸುವಾಗ ಇಳಿಯುವ ಜಾಗವನ್ನೂ ಬರೆಸಿ ಎಂದು ಟೀಚರಿಗೆ ಹೇಳಿಯಾಗಿದೆ. ಒಂದು ಜೀಪು ಗೊತ್ತು ಮಾಡಿಯಾಗಿದೆ. ಇನ್ನೊಂದಕ್ಕೆ, ಪೆರ್ಲದ ಕಡೆ ಯಾರಾದರೂ ಪರಿಚಯದವರಿದ್ದರೆ, ಶಾಲೆಯ ಆಫೀಸಿಗೆ ತಿಳಿಸಿ.