ಮಳೆಮಾಪಕದ ಕರ್ನಲ್: ಡಿಬಗ್ ಮ್ಯಾಕ್ರೋಗಳಿಗೆ ಬೇಲಿ

ಮಡಿಕೇರಿ ಕಡೆಯ ಕಾಫಿ ತೋಟಕ್ಕೆಂದು ಕಟ್ಟುತ್ತಿರುವ ಮಳೆಮಾಪಕದ ಪುಟ್ಟ ಕರ್ನಲ್‌ನಲ್ಲಿ (ಯಂತ್ರವನ್ನು ನಡೆಸುವ ತಳಮಟ್ಟದ ಪ್ರೋಗ್ರಾಮ್) ಈ ಸಲ ಕೈ ಹಾಕಿದ್ದು ಡಿಬಗ್ ಮ್ಯಾಕ್ರೋಗಳಿಗೆ, ಅಂದರೆ ತಪ್ಪು ಹಿಡಿಯಲು ಕೋಡ್‌ನಲ್ಲಿ ಇಡುವ ಚುಟುಕು ರೂಪಗಳಿಗೆ. ಮಾಪಕದ ಬಕೆಟ್ ಒಮ್ಮೆ ಮಗುಚಿದರೆ 0.254 ಮಿ.ಮೀ. ಮಳೆ, ತೋಟದವರ ಲೆಕ್ಕದಲ್ಲಿ ಒಂದು ಸೆಂಟು, ಕರ್ನಲ್‌ಗೆ ಒಂದು ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಗಮನ ಸೆಳೆಯುವ ಸಂಕೇತ). ಮೇಜಿನ ಮೇಲೆ ಸರಿಯಾಗಿ ಎಣಿಸಿ, ತೋಟಕ್ಕೆ ಹೋಗುವ ಬಿಲ್ಡ್‌ನಲ್ಲಿ (ಕಂಪೈಲ್ ಆದ ಆವೃತ್ತಿಯಲ್ಲಿ) ತಪ್ಪಿದರೆ ಮುಂಗಾರಿನ ದಾಖಲೆಯೇ ಹಾಳು.

ಹಾಗೆ ಎಣಿಕೆ ತಪ್ಪಲು ದೊಡ್ಡ ಕಾರಣ, ಅಸರ್ಟ್‌ನೊಳಗೆ (ಷರತ್ತು ನಿಜವೇ ಎಂದು ನೋಡುವ, ಬೇಡವಾದಾಗ ಆಫ್ ಮಾಡಬಹುದಾದ ಮ್ಯಾಕ್ರೋ) ಕೆಲಸ ಮಾಡಿಸುವುದು. ಕ್ಯೂನಿಂದ ಒಂದು ನಮೂದು ತೆಗೆಯುವ ಫಂಕ್ಷನ್ನನ್ನು ಅಸರ್ಟ್‌ನ ಷರತ್ತಿನಲ್ಲೇ ಕರೆದರೆ, ಅಸರ್ಟ್ ಆಫ್ ಆದ ಬಿಲ್ಡ್‌ನಲ್ಲಿ ನಮೂದು ಹೊರಬರುವುದೇ ಇಲ್ಲ. ಕ್ಯೂ ತುಂಬುತ್ತದೆ, ಆಮೇಲಿನ ಸೆಂಟುಗಳೆಲ್ಲ ಕಳೆದುಹೋಗುತ್ತವೆ.

ಅಸರ್ಟ್‌ನ ಆಫ್ ರೂಪವನ್ನು ಖಾಲಿ ಬಿಡುವುದೂ ಸರಿಯಲ್ಲ. ಸ್ಟ್ರಕ್ಟ್‌ನ ಫೀಲ್ಡ್‌ಗೆ ಹೆಸರು ಬದಲಾದರೂ ಕಂಪೈಲರ್‌ಗೆ ತಿಳಿಯದು. ಷರತ್ತಿಗಾಗಿಯೇ ಇದ್ದ ವೇರಿಯಬಲ್ ಬಳಕೆಯಾಗಿಲ್ಲವೆಂಬ ಎಚ್ಚರಿಕೆ ಬೇರೆ. ಲಿನಕ್ಸ್‌ನ ಬಿಲ್ಡ್_ಬಗ್_ಆನ್_ಇನ್‌ವ್ಯಾಲಿಡ್ ಮ್ಯಾಕ್ರೋದ ದಾರಿಯನ್ನೇ ಹಿಡಿದಿದ್ದೇವೆ: ಷರತ್ತನ್ನು ಲಾಂಗ್ ಎಂಬ ಪೂರ್ಣಾಂಕ ಟೈಪ್‌ಗೆ ಕಾಸ್ಟ್ ಮಾಡಿ (ಬದಲಿಸಿ), ಗಾತ್ರವನ್ನಷ್ಟೇ ಕೇಳುವ ಸೈಜ್‌ಆಫ್ ಒಳಗಿಡುವುದು. ಟೈಪ್ ತಪಾಸಣೆ ನಡೆಯುತ್ತದೆ, ಒಂದು ಇನ್‌ಸ್ಟ್ರಕ್ಷನ್ ಕೂಡ ಹುಟ್ಟುವುದಿಲ್ಲ. ಕಾಸ್ಟ್ ಬಿಡಬಾರದು, ಏಕೆಂದರೆ ಬಿಟ್‌ಫೀಲ್ಡ್‌ಗೆ (ಎಷ್ಟು ಬಿಟ್ ಎಂದು ಹೇಳಿಟ್ಟ ಫೀಲ್ಡ್‌ಗೆ) ನೇರವಾಗಿ ಸೈಜ್‌ಆಫ್ ಹಾಕಲಾಗದು.

ಸೈಜ್‌ಆಫ್ ಒಳಗಿನ ಕರೆಯೂ ಓಡುವುದಿಲ್ಲವಾದ್ದರಿಂದ ಮೊದಲಿನ ತೊಂದರೆ ಹಾಗೇ ಉಳಿಯುತ್ತದೆ. ಅದಕ್ಕೆ ಕ್ಲ್ಯಾಂಗ್ ಎಂಬ ಕಂಪೈಲರ್‌ನಲ್ಲಿ ಪ್ರತ್ಯೇಕ ತಪಾಸಣೆ ಬಿಲ್ಡ್ ಇಟ್ಟಿದ್ದೇವೆ. ಅದರಲ್ಲಿ ಷರತ್ತು ಎಂದೂ ಓಡದ ಇಫ್(0) ಒಳಗಿನ ಬಿಲ್ಟಿನ್ ಅಸ್ಯೂಮ್‌ಗೆ (ಷರತ್ತು ನಿಜವೆಂದು ಕಂಪೈಲರ್‌ಗೆ ಹೇಳುವ ಸೌಲಭ್ಯ) ಹೋಗುತ್ತದೆ. ಷರತ್ತಿನಲ್ಲಿ ಪಕ್ಕಪರಿಣಾಮ (ಏನನ್ನಾದರೂ ಬದಲಿಸುವ ಕೆಲಸ) ಇದ್ದರೆ ಕ್ಲ್ಯಾಂಗ್ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಎರರ್ ಆಗಿಸಿದ್ದೇವೆ. ಬರೀ ಓದುವ ಫಂಕ್ಷನ್‌ಗಳಿಗೆ ಪ್ಯೂರ್ ಎಂಬ ಆಟ್ರಿಬ್ಯೂಟ್ ಹಚ್ಚಬೇಕು, ಇಲ್ಲದಿದ್ದರೆ ಅವಕ್ಕೂ ತಡೆ ಬೀಳುತ್ತದೆ. ಹಚ್ಚುವ ಶ್ರಮಕ್ಕೆ ಬೆಲೆ ಇದೆ.

ಫಲಿತಾಂಶ ಬೇಕೆನ್ನುವವರಿಗೆ ಚೆಕ್ ಎಂಬ ಬೇರೆ ಮ್ಯಾಕ್ರೋ: ಎಲ್ಲ ಬಿಲ್ಡ್‌ನಲ್ಲೂ ಓಡುತ್ತದೆ, ಷರತ್ತಿನ ಮೌಲ್ಯವನ್ನು ಹಿಂತಿರುಗಿಸುತ್ತದೆ. ಅಸರ್ಟ್ ಮಾತ್ರ ಮೌಲ್ಯ ಕೊಡದ, ಒಮ್ಮೆಯಷ್ಟೇ ಓಡುವ ಡು-ವೈಲ್(0) ಸ್ಟೇಟ್‌ಮೆಂಟ್. ಇಫ್‌ನ ಷರತ್ತಿನೊಳಗೆ ಇಟ್ಟರೆ ಕಂಪೈಲ್ ಆಗದು, ಪಕ್ಕದ ಎಲ್ಸ್ ಅನ್ನೂ ಕದಿಯದು.

ಇಂಟರಪ್ಟ್ ಒಳಗೆ ಸೀರಿಯಲ್ ತಂತಿಗೆ ಸಂದೇಶ ಮುದ್ರಣ ನಿಷಿದ್ಧ. 115200 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡು, 40 ಅಕ್ಷರದ ಸಾಲಿಗೆ 3.5 ಮಿಲಿಸೆಕೆಂಡು, ಅಷ್ಟರಲ್ಲಿ 1 ಮಿಲಿಸೆಕೆಂಡಿನ ಟೈಮರ್ ಟಿಕ್‌ಗಳು ತಪ್ಪುತ್ತವೆ. ಅಲ್ಲಿ ಎಚ್ಚರಿಕೆ ಎಂದರೆ ಸಾಲಿನ ಸಂಖ್ಯೆಯನ್ನು ರಿಂಗ್ ಬಫರ್‌ಗೆ (ಸುತ್ತಿ ಸುತ್ತಿ ಬಳಸುವ ಮೆಮೊರಿಗೆ) ಬರೆಯುವುದಷ್ಟೇ. ಮುಂದಿನ ಕೆಲಸ, ಕರ್ನಲ್ ಕೈಚೆಲ್ಲಿ ನಿಲ್ಲುವ ಹಳೆಯ ಪ್ಯಾನಿಕ್‌ಗಳ ವಿಂಗಡಣೆ: ರ‍್ಯಾಮ್‌ನಲ್ಲಿರುವ ಎಣಿಕೆ, ರೀಸೆಟ್ ಆದರೂ ಉಳಿಯುವ ಫ್ಲ್ಯಾಶ್‌ಗೆ ಇಳಿಯುವ ಮುನ್ನ ಯಾವುದೂ ಬೋರ್ಡನ್ನು ರೀಸೆಟ್ ಮಾಡಕೂಡದು.